ಒಂದು ಮೋಲ್, ಮೇಲೊಂದು ಚಿಟಿಕೆ

ತಕ್ಕಡಿ ಇಟ್ಟುಕೊಂಡವನ ಮನೆಗೆ ವಿಜ್ಞಾನ ಬಂದರೆ ಎರಡರಲ್ಲಿ ಒಂದಕ್ಕೆ ಕಷ್ಟ. ನಮ್ಮ ಮನೆಯಲ್ಲಿ ಯಾವುದಕ್ಕೆ ಅನ್ನೋದು ದಿನಕ್ಕೊಂದು ಥರ.

ಕೇದಾರ ಘಾಟಿನ ಮೇಲಿನ ಗಲ್ಲಿಯಲ್ಲಿ ನನ್ನದು ಪೂಜಾ ಸಾಮಾನಿನ ಅಂಗಡಿ. ಜಪಮಾಲೆ, ಕರ್ಪೂರ, ಕುಂಕುಮ. ಮೊಮ್ಮಗಳು ಹನ್ನೊಂದನೇ ಕ್ಲಾಸಿನಲ್ಲಿ ರಸಾಯನಶಾಸ್ತ್ರದಲ್ಲಿ ಫೇಲಾದಳು. ಮರುಪರೀಕ್ಷೆಯಲ್ಲೂ ಹೋದರೆ ವಿಜ್ಞಾನ ಬಿಟ್ಟು ಕಾಮರ್ಸಿಗೆ ಹೋಗಬೇಕು ಅಂತ ಶಾಲೆಯವರು ಹೇಳಿ ಕಳಿಸಿದರು.

"ಕಾಮರ್ಸ್ ಓದಿದರೆ ಅಂಗಡಿಗೇ ಬರ್ತಾಳೆ, ಒಳ್ಳೇದಾಯ್ತಲ್ಲ" ಅಂದಳು ನನ್ನ ಹೆಂಡತಿ.

ಅದೇ ನನ್ನ ಭಯ. ಮೊಮ್ಮಗಳ ಕೈ ದೊಡ್ಡದು. ಕುಂಕುಮ ತೂಗಿದ ಮೇಲೆ ಒಂದು ಚಿಟಿಕೆ ಕೊಸರು ಹಾಕೋದು ನಮ್ಮ ಪದ್ಧತಿ. ಇಲ್ಲಿಯ ಹಿಂದಿಯವರು ಅದಕ್ಕೆ ಘಲುವಾ ಅಂತಾರೆ. ಇವಳ ಚಿಟಿಕೆ ಅಂದರೆ ಅರ್ಧ ಮುಷ್ಟಿ. ಅವಳು ರಸಾಯನಶಾಸ್ತ್ರದಲ್ಲಿ ಪಾಸಾಗದೆ ಇದ್ದರೆ ನನ್ನ ಅಂಗಡಿ ಉಳಿಯೋದಿಲ್ಲ.

ಮೇರುಮಣಿ

ಭೇಲೂಪುರದಲ್ಲಿ ನಮ್ಮ ಕಡೆಯ ಮೇಷ್ಟ್ರೊಬ್ಬರಿದ್ದಾರೆ. ವಿಶ್ವವಿದ್ಯಾಲಯದಲ್ಲಿ ಇದೇ ಪಾಠ ಹೇಳೋರು. ಕನ್ನಡ ಮಾತಾಡೋಕೆ ಆಗಾಗ ಅಂಗಡಿಗೆ ಬರ್ತಾರೆ. ಅವರನ್ನೇ ಹಿಡಿದೆ.

"ಮೋಲ್ ಅಂದರೆ ಒಂದು ಎಣಿಕೆ ಅಷ್ಟೇ, ಶೆಟ್ರೇ. ಡಜನ್ ಇದ್ದ ಹಾಗೆ. ಆರು ಬರೆದು ಮುಂದೆ ಇಪ್ಪತ್ಮೂರು ಸೊನ್ನೆ ಹಾಕಿ, ಹೆಚ್ಚುಕಮ್ಮಿ ಅಷ್ಟು ಕಣ."

"ಡಜನ್ ಯಾಕೆ, ಮಾಲೆ ಅನ್ನಿ. ತುಳಸಿಯದಾಗಲಿ ರುದ್ರಾಕ್ಷಿಯದಾಗಲಿ ನೂರೆಂಟೇ ಮಣಿ. ತೂಕ ಮಾತ್ರ ಬೇರೆ."

"ಸರಿಯಾಗಿ ಹೇಳಿದಿರಿ. ಇಂಗಾಲ ಒಂದು ಮೋಲಿಗೆ ಹನ್ನೆರಡು ಗ್ರಾಂ, ಸೀಸ ಇನ್ನೂರೇಳು. ಕಣ ಎರಡರಲ್ಲೂ ಅಷ್ಟೇ. ಆ ತೂಕಕ್ಕೇ ಮೋಲಾರ್ ರಾಶಿ ಅನ್ನೋದು."

ಮೊಮ್ಮಗಳು ಮಾಲೆಯೊಂದನ್ನು ಕೈಯಲ್ಲಿ ತಿರುಗಿಸ್ತಾ ಕೂತಿದ್ದಳು. "ಅಂಕಲ್, ಮೋಲಲ್ಲಿ ಮೇರುಮಣಿ ಸೇರಿಸಿ ಎಣಿಸಬೇಕಾ, ಬಿಟ್ಟಾ?"

ಮಾಲೆಯ ತುದಿಗೆ ನೂರೆಂಟರ ಲೆಕ್ಕಕ್ಕೆ ಸೇರದ ಒಂದು ಮಣಿ ಇರುತ್ತಲ್ಲ, ಅದು. ಮೇಷ್ಟ್ರು ಮಾಲೆ ಇಸಿದುಕೊಂಡು ಆ ಮಣಿ ನೋಡಿದರು. "ಅಷ್ಟು ದೊಡ್ಡ ಸಂಖ್ಯೆಯಲ್ಲಿ ಒಂದು ಹೆಚ್ಚಾದರೂ ಕಮ್ಮಿಯಾದರೂ ಯಾರಿಗೂ ಗೊತ್ತಾಗಲ್ಲ ಕಣಮ್ಮ."

ಇಂಥ ಮಾತಾಡೋ ಸಗಟು ವ್ಯಾಪಾರಿಯನ್ನು ನಾನು ಇಷ್ಟು ವರ್ಷದಿಂದ ಹುಡುಕ್ತಾ ಇದ್ದೀನಿ.

ಗಿರಾಕಿ ಬೇಕು

ಅರ್ಥವೇನೋ ಆಯ್ತು, ಲೆಕ್ಕ ಬರಲಿಲ್ಲ. ನೀರು ಒಂದು ಮೋಲಿಗೆ ಹದಿನೆಂಟು ಗ್ರಾಂ. ಮೂವತ್ತಾರು ಗ್ರಾಂ ನೀರು ಎಷ್ಟು ಮೋಲ್? ಮೊಮ್ಮಗಳು ಆರುನೂರ ನಲವತ್ತೆಂಟು ಅಂತ ಬರೆದಿದ್ದಳು. ಭಾಗಿಸೋ ಕಡೆ ಗುಣಿಸಿದ್ದಳು.

ನನಗೆ ಆಶ್ಚರ್ಯವಾಯ್ತು. ಅಂಗಡಿಯಲ್ಲಿ ಬಿಡಿ ಮಣಿಗಳನ್ನು ತಕ್ಕಡಿಗೆ ಸುರಿದರೆ, ಒಂದು ಮಾಲೆಯ ತೂಕದಿಂದ ಭಾಗಿಸಿ ಇಷ್ಟು ಮಾಲೆ ಆಗುತ್ತೆ ಅಂತ ಕಣ್ಣು ಮಿಟುಕಿಸೋದರಲ್ಲಿ ಹೇಳೋ ಹುಡುಗಿ.

"ಅಲ್ಲಿ ಬರೋದು ಇಲ್ಲಿ ಯಾಕೆ ಬರಲ್ಲ?"

"ಪುಸ್ತಕದ ಮುಂದೆ ಯಾರೂ ಕಾಯ್ತಾ ನಿಂತಿರಲ್ಲ ತಾತ. ಗಿರಾಕಿ ಇಲ್ಲದಿದ್ರೆ ದಿಮಾಗ್ ಓಡಲ್ಲ."

ಸರಿ, ಹೆಂಡತಿಯನ್ನು ಗಿರಾಕಿ ಮಾಡಿದೆ. ಅವಳು ಕೈಚೀಲ ಹಿಡಿದು ಓದೋ ಮೇಜಿನ ಮುಂದೆ ನಿಂತಳು. "ನೋಡಮ್ಮ, ನನ್ನ ಹತ್ರ ಮೂವತ್ತಾರು ಗ್ರಾಂ ನೀರಿದೆ. ಎಷ್ಟು ಮೋಲ್ ಆಗುತ್ತೆ?"

"ಎರಡು" ಅಂದಳು ತಟ್ಟನೆ.

ಹೆಂಡತಿ ಅಲ್ಲಾಡಲಿಲ್ಲ. "ಎರಡೂವರೆ ಮಾಡು. ಗೋದೌಲಿಯಾ ಬಜಾರಿನಲ್ಲಿ ಮಾಡಿಕೊಡ್ತಾರೆ."

ಹೋದ ಮೋಲ್

ಆಮೇಲೆ ನನಗೇ ಹುಚ್ಚು ಹಿಡೀತು. ಕರ್ಪೂರದ ಒಂದು ಮೋಲ್ ಎಷ್ಟು ಅಂತ ಕೇಳಿದೆ. ಮೊಮ್ಮಗಳು ಇಂಗಾಲ ಹತ್ತು, ಹೈಡ್ರೋಜನ್ ಹದಿನಾರು, ಆಕ್ಸಿಜನ್ ಒಂದು ಅಂತ ಕೂಡಿಸಿ ನೂರೈವತ್ತೆರಡು ಗ್ರಾಂ ಅಂದಳು. ಅಷ್ಟನ್ನು ತೂಗಿ, ಮೇಷ್ಟ್ರಿಗೆ ತೋರಿಸೋಣ ಅಂತ ತಟ್ಟೆಯಲ್ಲಿ ತೆರೆದಿಟ್ಟೆ. ಇಷ್ಟು ವರ್ಷ ಕರ್ಪೂರವನ್ನು ಡಬ್ಬಿಯಲ್ಲಿ ಮೆಣಸಿನಕಾಳು ಹಾಕಿ ಮುಚ್ಚಿಟ್ಟವನು, ಓದಿನ ಭರದಲ್ಲಿ ಮರೆತೇಬಿಟ್ಟೆ. ಮೇಷ್ಟ್ರು ಬರೋದು ತಡವಾಯ್ತು. ಬಂದಾಗ ತೂಗಿದರೆ ತೂಕ ಇಳಿದಿತ್ತು.

"ಮೋಲ್ ಕಮ್ಮಿಯಾಯ್ತಲ್ಲ ಮೇಷ್ಟ್ರೇ."

"ಎಲ್ಲೂ ಹೋಗಿಲ್ಲ ಶೆಟ್ರೇ. ಒಂದು ಕಣವೂ ನಾಶ ಆಗಿಲ್ಲ. ಎಲ್ಲ ಇಲ್ಲೇ ಗಾಳಿಯಲ್ಲಿದೆ."

"ಸಂತೋಷ. ಪೊಟ್ಟಣ ಕಟ್ಟಿಕೊಡಿ, ಮಾರ್ತೀನಿ."

ಪರೀಕ್ಷೆ

ಮರುಪರೀಕ್ಷೆಯಲ್ಲಿ ಬರವಣಿಗೆಯ ಜೊತೆ ಒಂದು ಪ್ರಯೋಗವೂ ಇತ್ತು. ಉಪ್ಪಿನ ಒಂದು ಮೋಲ್ ಐವತ್ತೆಂಟೂವರೆ ಗ್ರಾಂ. ಅದರ ಹತ್ತನೇ ಒಂದು ಭಾಗವನ್ನು ತೂಗಿ ಕಾಗದದಲ್ಲಿ ಕೊಡಬೇಕು. ಪರೀಕ್ಷೆ ಮಾಡೋರು ಇದೇ ಊರಿನವರು, ಮುಖದಲ್ಲಿ ನಗುವಿಲ್ಲದ ಮನುಷ್ಯ ಅಂತೆ.

ಮುಂದೆ ಆಸಾಮಿ ನಿಂತಿದ್ದರಿಂದ ಮೊಮ್ಮಗಳ ತಲೆ ಓಡಿತು. ಲೆಕ್ಕ ಸರಿ, ತೂಕವೂ ಸರಿ. ಪೊಟ್ಟಣ ಮಡಚಿ ಕೊಡೋ ಮೊದಲು ಕೈ ತಾನಾಗಿ ಉಪ್ಪಿನ ಬಟ್ಟಲಿಗೆ ಹೋಗಿ ಒಂದು ಚಿಟಿಕೆ ತಂದು ಮೇಲೆ ಹಾಕಿತು.

"ಇದೇನಿದು?" ಅಂದರಂತೆ ಅವರು.

"ಘಲುವಾ, ಸರ್."

ಅವರು ಪೊಟ್ಟಣವನ್ನು ತಕ್ಕಡಿಗೆ ಹಾಕಿದರು. ಅರ್ಧ ಗ್ರಾಮಿನ ಮೇಲೆ ಹೆಚ್ಚು. "ಘಲುವಾ ಎಷ್ಟು ಮೋಲ್ ಹೇಳು. ಹೇಳಿದರೆ ಪಾಸು, ಇಲ್ಲದಿದ್ದರೆ ಕಾಮರ್ಸು."

ಇವಳು ತಕ್ಕಡಿಯ ಅಂಕಿ ನೋಡಿದಳು, ಮೊದಲಿನ ತೂಕ ಕಳೆದಳು, ಐವತ್ತೆಂಟೂವರೆಯಿಂದ ಭಾಗಿಸಿದಳು. "ನೂರರಲ್ಲಿ ಒಂದು ಭಾಗ ಮೋಲ್, ಸರ್. ಅದು ನಮ್ಮ ಕಡೆಯಿಂದ."

ಪಾಸಾದಳು. ಹೆಚ್ಚು ಹಾಕಿದ್ದಕ್ಕೆ ಒಂದು ಅಂಕ ಕಳೆದರು. ಅಂಗಡಿ ಉಳೀತು ಅಂತ ನಾನು ಉಸಿರು ಬಿಟ್ಟೆ.

ಮುಂದಿನ ಸೋಮವಾರ ಗಂಭೀರ ಮುಖದ ಒಬ್ಬರು ಬಂದು ಕುಂಕುಮ ಕೇಳಿದರು. ಮೊಮ್ಮಗಳು ಒಳಗಿನಿಂದ ಇಣುಕಿ, ಇವರೇ ಅಂತ ಕಣ್ಣಲ್ಲೇ ಹೇಳಿದಳು. ನಾನು ತಕ್ಕಡಿಯ ಮುಳ್ಳು ನೆಟ್ಟಗೆ ನಿಲ್ಲೋ ಹಾಗೆ, ಒಂದು ಕಣ ಹೆಚ್ಚಿಲ್ಲ ಕಮ್ಮಿಯಿಲ್ಲ, ತೂಗಿ ಪೊಟ್ಟಣ ಕಟ್ಟಿ ಕೈಗಿಟ್ಟೆ.

ಅವರು ಹೋಗಲಿಲ್ಲ. ಪೊಟ್ಟಣ ಬಿಚ್ಚಿ ನನ್ನ ಮುಂದೆ ಹಿಡಿದು ನಿಂತರು.

"ಔರ್ ಘಲುವಾ?"

ಒಳಗಿನಿಂದ ಧ್ವನಿ ಬಂತು. "ಎಷ್ಟು ಮೋಲ್ ಬೇಕು ಅಂತ ಕೇಳಿ ತಾತ. ಹೆಚ್ಚು ಕೇಳಿದ್ದಕ್ಕೆ ಅವರಿಗೂ ಒಂದು ಅಂಕ ಕಳೀಬೇಕು."