ಇಪ್ಪತ್ತನಾಲ್ಕು ಕಿಂಡಿಗಳ ಮಧ್ಯಾಹ್ನದ ನಿದ್ದೆ

"ನಾಳೆಯಿಂದ ಹನ್ನೆರಡೂವರೆಗೆ ಸರಿಯಾಗಿ ಈ ಕಾರ್ಖಾನೆ ಮಲಗುತ್ತೆ. ಒಂದೂವರೆ ತನಕ ಸ್ವರ್ಗದಿಂದ ಜೇಡ್ ಚಕ್ರವರ್ತಿ ಇಳಿದು ಬಂದ್ರೂ ಏಳಲ್ಲ!"

ಹೀಗೆ ಶಪಥ ಮಾಡಿದವನು ಶ್ಯಾವ್ ಬೋರೆನ್. ತೈವಾನಿನ ಷೆತೌ ಊರಿನಲ್ಲಿ ಅಪ್ಪ ಬಿಟ್ಟುಹೋದ ಕಾಲುಚೀಲದ ಕಾರ್ಖಾನೆಗೆ ಅವನೇ ಯಜಮಾನ. ಹೆಂಡತಿ ಶೂಚಿಂಗ್ ಎದುರಿಗೆ ಮಾತ್ರ ಗುಮಾಸ್ತ.

ಕಾಲ ಅಂದರೆ ಅಪ್ಪನ ಕಾಲ! ಹನ್ನೆರಡೂವರೆಗೆ ಹೆಣಿಗೆ ಯಂತ್ರಗಳು ನಿಲ್ಲುತ್ತಿದ್ದವು. ಅಪ್ಪ ದೀಪ ಆರಿಸಿ, ಫೋನಿನ ರಿಸೀವರನ್ನು ಎತ್ತಿ ಹೂವಿನ ದಿಂಬಿನ ಮೇಲೆ ಮಲಗಿಸುತ್ತಿದ್ದರು. ಕೆಲಸದವರೆಲ್ಲ ಕಾಲುಚೀಲದ ಮೂಟೆಗಳ ಮೇಲೆ ಉರುಳಿಕೊಳ್ಳುತ್ತಿದ್ದರು. ಹುಡುಗನಾಗಿದ್ದಾಗ ಕೆಲಸದ ಮಾನಕ್ಕನ ಗೊರಕೆ ಕೇಳುತ್ತಾ ಅವಳ ಪಕ್ಕದಲ್ಲೇ ನಿದ್ದೆಹೋಗುತ್ತಿದ್ದ ಆ ಮಧ್ಯಾಹ್ನಗಳನ್ನು ನೆನೆದರೆ, ನಲವತ್ತಾರು ದಾಟಿದ ಬೋರೆನ್‌ಗೆ ಈಗಲೂ ಆಸೆಯಾಗುತ್ತದೆ. ಈಗೆಲ್ಲಿ ಆ ಸುಖ? ಊಟದ ಡಬ್ಬಿ ಮುಚ್ಚುವಷ್ಟರಲ್ಲಿ ಫೋನು, ಮೆಸೇಜು, ಬಾಗಿಲ ಗಂಟೆ!

ಅದಕ್ಕೇ ಅವನು ಮ್ಯಾನೇಜ್ಡ್ ಸ್ವಿಚ್ ತಂದ. ಕಂಪ್ಯೂಟರು, ಫೋನು, ವೈಫೈ, ಬಾಗಿಲ ಬೀಗ, ಎಲ್ಲದರ ತಂತಿಯೂ ಬಂದು ಸೇರುವ ಇಪ್ಪತ್ತನಾಲ್ಕು ಕಿಂಡಿಗಳ ಪೆಟ್ಟಿಗೆ ಅದು. ಹಳೆಯ ಪೆಟ್ಟಿಗೆ ಪೆದ್ದು, ಸುಮ್ಮನೆ ಮಿಣುಕುತ್ತಿತ್ತು. ಇದು ಹೇಳಿದ ಮಾತು ಕೇಳುತ್ತದೆ! ಯಾವ ಕಿಂಡಿ ಎಷ್ಟು ಹೊತ್ತಿಗೆ ಮಲಗಬೇಕು, ಯಾವಾಗ ಏಳಬೇಕು ಎಂದು ಬರೆದಿಟ್ಟರೆ ಮುಗಿಯಿತು.

"ಯಾವ್ಯಾವ ಕಿಂಡಿ ಮಲಗಿಸ್ದೆ?" ಶೂಚಿಂಗ್ ಕೇಳಿದಳು.

"ಎಲ್ಲಾನೂ! ಮಾಡಿದ್ಮೇಲೆ ಪೂರ್ತಿ ಮಾಡ್ಬೇಕು."

ಮರುದಿನ ಹನ್ನೆರಡೂ ಇಪ್ಪತ್ತಕ್ಕೆ ತೈಪೆಯಿಂದ ಗಿರಾಕಿ ಕಂಪನಿಯ ಫಾನ್ ಮ್ಯಾನೇಜರ್ ಮೇಡಂ ಬಂದಿಳಿದರು. ಎರಡು ಗಂಟೆಗೆ ಬರಬೇಕಾದವರು! ಶಾಲಾ ಮಕ್ಕಳ ಕಾಲುಚೀಲದ ಆರ್ಡರ್ ಇಲ್ಲೇ ಉಳಿಯಬೇಕೋ, ಎದುರಿನ ಕಾರ್ಖಾನೆಗೆ ಹೋಗಬೇಕೋ ಎಂದು ತೀರ್ಮಾನಿಸುವವರು ಅವರೇ. ಆ ಆರ್ಡರ್ ಹೋದರೆ ಅರ್ಧ ಯಂತ್ರಗಳಿಗೆ ವರ್ಷವಿಡೀ ನಿದ್ದೆಯೇ ಗತಿ.

"ಹೊಸ ಮಾದರಿಗಳನ್ನ ತೋರಿಸಿ," ಎಂದು ಅವರು ಕೂತರು. ಬೋರೆನ್ ಕಂಪ್ಯೂಟರಿನಲ್ಲಿ ಇಂಟರ್ನೆಟ್ಟಿಂದ ಮೊದಲನೆಯ ಚಿತ್ರ ತೆರೆದ. ಎರಡನೆಯದಕ್ಕೆ ಕೈ ಹಾಕಿದ. ಗಂಟೆ ಹನ್ನೆರಡೂವರೆ. ಸ್ವಿಚ್ಚಿನ ಹಸಿರು ದೀಪಗಳೆಲ್ಲ ಒಟ್ಟಿಗೆ ಕಣ್ಣು ಮುಚ್ಚಿದವು. ಚಿತ್ರ ಮಾಯ, ವೈಫೈ ಮಾಯ, ಫೋನು ಮೂಕ.

"ಇದೇನ್ರಿ?"

"ಅದು... ಅದು ಮಲಗಿದೆ ಮೇಡಂ."

"ಎಬ್ಬಿಸಿ!"

"ಎಬ್ಬಿಸೋ ಕಂಪ್ಯೂಟರಿನ ತಂತೀನೂ ಅದರಲ್ಲೇ ಇದೆ. ಅದರ ಕಿಂಡೀನೂ ಮಲಗಿದೆ."

"ಕರೆಂಟ್ ತೆಗೆದು ಹಾಕೋ ಮಹಾನುಭಾವ!" ಎಂದಳು ಶೂಚಿಂಗ್.

"ತೆಗೆದು ಹಾಕಿದ್ರೂ ಮರೀಬಾರ್ದು ಅಂತ ಸೆಟ್ ಮಾಡಿದೀನಿ ಕಣೇ," ಎಂದ ಬೋರೆನ್. ಅಂಥಾ ಹೊತ್ತಿನಲ್ಲೂ ದನಿಯಲ್ಲಿ ಒಂಚೂರು ಜಂಬವಿತ್ತು!

ಫಾನ್ ಮ್ಯಾನೇಜರ್ ಚೀಲ ಹೆಗಲಿಗೇರಿಸಿದರು. "ಸರಿ, ಎದುರಿನವರನ್ನೇ ನೋಡ್ತೀನಿ."

ಬಾಗಿಲು ತೆರೆಯಲಿಲ್ಲ. ಬೀಗವೂ ಮಲಗಿತ್ತು! ಹಿಂಬಾಗಿಲಿಗೆ ಅಡ್ಡಲಾಗಿ ಮಾಡಿನವರೆಗೂ ಮೂಟೆಗಳು. ಗಿರಾಕಿ ಕೈಬಿಟ್ಟು ಹೋಗದಂತೆ ಕೂಡಿಹಾಕಿಕೊಂಡ ಮೊದಲ ಯಜಮಾನ ಎಂಬ ಕೀರ್ತಿ ಬೋರೆನ್‌ಗೆ ಸಂದಿತು.

ಆಗ ಮೂಲೆಯ ಮೂಟೆಯ ಮೇಲಿಂದ ಮಾನಕ್ಕ ತಲೆಯೆತ್ತಿದಳು. ಅಪ್ಪನ ಕಾಲದಿಂದ ಇಲ್ಲೇ ಇರುವ, ಅರವತ್ತೆಂಟರ ಮುದುಕಿ. "ಬಾಗ್ಲು ತೆಗೆಯೋದು ಒಂದೂವರೆಗೆ ತಾನೇ? ಬಾ ಮಗಾ, ಇಲ್ಲಿ ಉರುಳ್ಕೋ. ಕಣ್ಣು ನೋಡು, ನಿದ್ದೆ ಕಂಡು ತಿಂಗಳಾದ ಹಾಗಿದೆ."

"ನಾನು ಹಗಲು ಮಲಗೋಳಲ್ಲ," ಎಂದರು ಫಾನ್ ಮ್ಯಾನೇಜರ್. ಮೂಟೆಗೆ ಸುಮ್ಮನೆ ಒರಗಿದರು. ಐದು ನಿಮಿಷಕ್ಕೆ ಮಾನಕ್ಕನ ಗೊರಕೆಗೆ ಅವರದೂ ಜೊತೆಯಾಯಿತು.

ಶೂಚಿಂಗ್ ಮಲಗಿದಳು, ಕೆಲಸದವರು ಮಲಗಿದರು. ಥೇಟ್ ಅಪ್ಪನ ಕಾಲ! ಅದನ್ನು ತಂದ ಪುಣ್ಯಾತ್ಮ ಮಾತ್ರ ಆರ್ಡರ್ ಹೋಯಿತೆಂದು ಬೆವರುತ್ತಾ ಬಾಗಿಲಿಂದ ಸ್ವಿಚ್ಚಿಗೆ, ಸ್ವಿಚ್ಚಿಂದ ಬಾಗಿಲಿಗೆ ಶತಪಥ ಹಾಕಿದ.

ಒಂದೂವರೆಗೆ ಬಾಗಿಲು ಟಕ್ ಎಂದು ತೆರೆಯಿತು. ಫಾನ್ ಮ್ಯಾನೇಜರ್ ಏಳಲಿಲ್ಲ. ಎಬ್ಬಿಸಲು ಯಾರಿಗೂ ಧೈರ್ಯವಾಗಲಿಲ್ಲ. ಎರಡೂಕಾಲು ಗಂಟೆಗೆ, ಕೆನ್ನೆಯ ಮೇಲೆ ಮೂಟೆಯ ಗೀರು ಮೂಡಿಸಿಕೊಂಡು ಎದ್ದರು. ಮಾದರಿಗಳನ್ನೆಲ್ಲ ಕೈಯಲ್ಲಿ ಎಳೆದೆಳೆದು ನೋಡಿದರು, ಆರ್ಡರಿಗೆ ಸಹಿ ಹಾಕಿದರು. ಹೊರಡುವಾಗ ಮೆಲ್ಲಗೆ, "ಮುಂದಿನ ಸಲಾನೂ ಹನ್ನೆರಡೂವರೆಗೇ ಬರ್ತೀನಿ," ಎಂದರು.

"ನೋಡಿದ್ರಾ!" ಬೋರೆನ್ ಎದೆಯುಬ್ಬಿಸಿದ. "ಅಪ್ಪ ದಿಂಬಿನಲ್ಲಿ ಮಾಡಿದ್ದನ್ನ ನಾನು ಸ್ವಿಚ್ಚಿನಲ್ಲಿ ಮಾಡ್ದೆ. ಒಂದು ದಿನ ನಾನೂ ಅವರ ಹಾಗೇ ಹಾಯಾಗಿ ಮಲಗಿಬಿಟ್ರೆ ಸಾಕು."

ಮಾನಕ್ಕ ನಕ್ಕಳು. "ನಿಮ್ಮಪ್ಪ ಯಾವತ್ತು ಮಲಗಿದ್ರು, ಮರಿ ಯಜಮಾನ?"

"ದಿನಾ ಮಲಗ್ತಿದ್ರಲ್ಲ!"

"ನೀನು ಮಲಗಿರ್ತಿದ್ದೆ, ನಿಂಗೇನು ಗೊತ್ತು? ಅವರು ಆ ಬಾಗಿಲಲ್ಲಿ ಸ್ಟೂಲ್ ಹಾಕ್ಕೊಂಡು ಕೂತಿರೋರು. ದೂರದಿಂದ ಬಂದೋರನ್ನ ಸದ್ದಿಲ್ದೆ ಒಳಗೆ ಬಿಡೋರು, ಹರಟೆಗೆ ಬಂದೋರನ್ನ ತುಟಿಗೆ ಬೆರಳಿಟ್ಟು ವಾಪಸ್ ಕಳಿಸೋರು. ಒಬ್ರು ಎದ್ದಿದ್ರೆ ತಾನೇ ಮಿಕ್ಕೋರು ಮಲಗೋದು?"

ಬೋರೆನ್ ಆ ಬಾಗಿಲತ್ತ ತಿರುಗಿ ನೋಡಿದ. ಅಪ್ಪನ ಮೇಲೆ ಪ್ರೀತಿ ಉಕ್ಕಿ ಬಂತು. ಅಷ್ಟು ವರ್ಷ ಪಕ್ಕದಲ್ಲೇ ಇದ್ದು ಒಂದು ದಿನವೂ ಕಣ್ಣು ಬಿಟ್ಟು ನೋಡಲಿಲ್ಲವಲ್ಲ ಎಂದು ಅಳುವೂ ಬಂತು.

ಮರುದಿನ ಹನ್ನೆರಡೂವರೆಗೆ ಶೂಚಿಂಗ್ ಮಾವನ ಹಳೇ ಸ್ಟೂಲಿನ ಧೂಳು ಒರೆಸಿ ಬಾಗಿಲಲ್ಲಿಟ್ಟಳು.

"ಇಪ್ಪತ್ಮೂರು ಕಿಂಡಿ ಮಲಗಲಿ," ಎಂದಳು. "ಇಪ್ಪತ್ನಾಲ್ಕನೇದು ನೀನು. ಕೂತ್ಕೋ!"

ಮೂಟೆಯ ಮೇಲೆ ಉರುಳಿದವಳು ಎರಡೇ ನಿಮಿಷದಲ್ಲಿ ಗೊರಕೆ ಶುರು ಮಾಡಿದಳು.