ಬ್ಯಾಡಗಿಯಲ್ಲಿ ಹಿಮಯುಗ

ಮನುಷ್ಯ ಮೊಟ್ಟಮೊದಲು ಪಳಗಿಸಿದ ಪ್ರಾಣಿ ತೋಳವಂತೆ. ಇರಬಹುದು. ಆದರೆ ನನ್ನ ಮೈದುನನನ್ನು ಪಳಗಿಸಿದವಳು ಈ ಭೂಮಿಯ ಮೇಲೆ ಒಬ್ಬಳೇ ಇದ್ದಳು, ಅವಳೂ ಹೋದ ದೀಪಾವಳಿಯ ಹೊತ್ತಿಗೆ ಕಣ್ಣು ಮುಚ್ಚಿದಳು. ಅಂದಿನಿಂದ ಬ್ಯಾಡಗಿಯ ಮನೆಯಲ್ಲಿ ಅವನು ಮತ್ತು ಅವಳ ನಾಯಿ ಇಬ್ಬರೇ. ಇಬ್ಬರಿಗೂ ಮಾತಿಲ್ಲ.

ನಾಯಿಯ ಹೆಸರು ಸಾಹೇಬ. ಹೆಸರಿಟ್ಟವಳು ಅವನ ಹೆಂಡತಿ, ಅಂದರೆ ನನ್ನ ಓರಗಿತ್ತಿ. ಗೇಟಿನ ಬಳಿ ಮುಂಗಾಲು ಜೋಡಿಸಿ ಕೂತು, ಬಂದವರನ್ನೆಲ್ಲ ಅಡಿಯಿಂದ ಮುಡಿಯವರೆಗೆ ಅಳೆಯುವ ಅದರ ಗತ್ತಿಗೆ ಬೇರೆ ಹೆಸರು ಒಪ್ಪುತ್ತಲೂ ಇರಲಿಲ್ಲ. ಆದರೆ ಆಯುಷ್ಯವೆಲ್ಲ ಡ್ರಾಯಿಂಗ್ ಮಾಸ್ತರನಾಗಿ ಮಕ್ಕಳನ್ನು ನಡುಗಿಸಿ ರಿಟೈರಾದ ಮೈದುನನಿಗೆ ಅದು ಸೇರಬೇಕಲ್ಲ? "ಒಂದ ಮನ್ಯಾಗ ಇಬ್ಬರು ಸಾಹೇಬರು ಬ್ಯಾಡ" ಎಂದು ಎಂಟು ವರ್ಷ ಅದನ್ನು ಫೂಟಪಟ್ಟಿ ಹಿಡಿದು ಅಟ್ಟಾಡಿಸಿದ. ಅದೂ ಸ್ವಾಭಿಮಾನಿ. ಅವನ ಕೈಯಿಂದ ಒಂದು ತುತ್ತು ಮುಟ್ಟಲಿಲ್ಲ. ಅವಳು ಹೋದ ಮೇಲಂತೂ ಯಾರು ಏನು ಹಾಕಿದರೂ ಮೂಸಿ, ನೆಪಕ್ಕೆ ಒಂದೆರಡು ಬಾಯಿ ತಿಂದು ಬಿಟ್ಟು, ಒಗೆಯುವ ಕಲ್ಲಿನ ಹಿಂದೆ ಹೋಗಿ ಮಲಗುತ್ತಿತ್ತು. ಪಕ್ಕೆಲುಬು ಕಾಣತೊಡಗಿತು.

ಸಂಕ್ರಾಂತಿಗೆ ಮೈದುನ ಹಾವೇರಿಯ ನಮ್ಮ ಮನೆಗೆ ಬಂದಿದ್ದಾಗ ಟೀವಿಯಲ್ಲಿ ಒಂದು ಇಂಗ್ಲಿಷ್ ಪಿಕ್ಚರ್ ಬರುತ್ತಿತ್ತು. ಕಲ್ಲಿನ ಕಾಲದ ಮನುಷ್ಯ, ಅವನ ಬೆಂಕಿಯ ಆಚೆ ಕೂತ ತೋಳ, ನಡುವೆ ಹಿಮ. ಮೈದುನ ಕಪ್ಪಿನಲ್ಲಿದ್ದ ಚಹಾ ಮರೆತು ನೋಡಿದ. ಮುಗಿದ ಮೇಲೆ ಎದ್ದು ನಿಂತು ಘೋಷಿಸಿದ.

"ವೈನಿ, ಇಂಥಾದ್ದೊಂದು ನಾನೂ ತೆಗೀತೇನಿ."

"ಏನನ್ನ?"

"ಪಿಕ್ಚರ್."

"ತೋಳ ಎಲ್ಲಿಂದ ತರ್ತೀಯಪಾ?"

"ಯಾಕ, ಮನ್ಯಾಗೊಂದು ಐತೆಲ್ಲ."

ಎಂಟು ವರ್ಷದಲ್ಲಿ ಸಾಹೇಬನ ಬಗ್ಗೆ ಅವನು ಆಡಿದ ಮೊದಲ ಮರ್ಯಾದೆಯ ಮಾತು ಅದು!

ಹದಿನೈದು ದಿನದಲ್ಲಿ ಒಂದು ನೋಟ್‌ಬುಕ್ ತುಂಬ ಕಥೆಯನ್ನು ಚಿತ್ರವಾಗಿ ಬರೆದು ತಂದ. ಬೇಟೆ, ಹಿಮ, ಹಸಿವು. ಕೊನೆಯ ಪುಟದಲ್ಲಿ ಒಬ್ಬ ಮುದುಕನ ಕೈಯಿಂದ ತೋಳ ತುತ್ತು ತಿನ್ನುತ್ತಿತ್ತು. ಅದರ ಕೆಳಗೆ ಎರಡು ಗೆರೆ. "ಇದು ಆಗಲಿಲ್ಲಂದ್ರ ಪಿಕ್ಚರ್ ಇಲ್ಲ" ಎಂದ. ಮುದುಕನ ಪಾರ್ಟು ಅವನದೇ. ಬೇಟೆಗಾರರು ಬ್ಯಾಡಗಿ ಮೆಣಸಿನಕಾಯಿ ಮಾರ್ಕೆಟ್ಟಿನ ಆರು ಜನ ಹಮಾಲರು. ಗುಂಪಿನ ಅಜ್ಜಿ ನಾನು. ಕಾನ್ವೆಂಟಿನ ಕ್ರಿಸ್‌ಮಸ್ ಪ್ಲೇಯಲ್ಲಿ ಏಂಜೆಲ್ ಆಗಿದ್ದವಳು, ಎಲೊಕ್ಯೂಷನ್‌ನಲ್ಲಿ ಮೂರು ಸಲ ಪ್ರೈಜ್ ಹೊಡೆದವಳು ನಾನು. ಅಂಥವಳಿಗೆ ಅವನು ಕೊಟ್ಟ ಡೈಲಾಗು ಒಂದೇ: "ಹೂಂ."

"ಇನ್ನೊಂದೆರಡು ವರ್ಡ್ಸ್ ಕೊಡೋ" ಎಂದೆ.

"ಭಾಷಾ ಇನ್ನೂ ಹುಟ್ಟಿಲ್ರಿ ವೈನಿ. ನಾ ಏನ್ ಮಾಡ್ಲಿ?"

ಕ್ಯಾಮೆರಾಮನ್ ರಾಣೆಬೆನ್ನೂರಿನ ಮದುವೆ ವಿಡಿಯೋದವನು. ತನ್ನ ಕೆಲಸದಲ್ಲಿ ಪಳಗಿದ ಕೈ. ಅಭ್ಯಾಸ ಮಾತ್ರ ಬಿಡಲೊಲ್ಲದು. ಬೇಟೆಗಾರರು ಹಸಿವಿನಿಂದ ಸಾಯುವ ದೃಶ್ಯದಲ್ಲೂ "ಎಲ್ಲಾರೂ ಸ್ವಲ್ಪ ಸ್ಮೈಲ್ ಕೊಡ್ರಿ" ಎನ್ನುತ್ತಿದ್ದ. ಹಮಾಲರು ಪಾಪ, ಹೇಳಿದ ಮಾತು ಮೀರುವವರಲ್ಲ. ನಗುನಗುತ್ತ ಸತ್ತರು.

ಶೂಟಿಂಗು ಕದರಮಂಡಲಗಿ ಕಡೆಯ ಒಂದು ಕಲ್ಲುಗುಡ್ಡದಲ್ಲಿ, ಮಾರ್ಚ್ ತಿಂಗಳ ಬಿಸಿಲಲ್ಲಿ. ಹಿಮಯುಗಕ್ಕೆ ಇದಕ್ಕಿಂತ ಒಳ್ಳೆಯ ಸೀಸನ್ ಸಿಕ್ಕೀತೆ? ಮೈದುನ ಪರಿಚಯದವರ ಜಿನ್ನಿಂಗ್ ಮಿಲ್ಲಿನಿಂದ ಬೀಜ ತೆಗೆಯದ ಹತ್ತಿ ತಂದು ಗುಡ್ಡಕ್ಕೆಲ್ಲ ಹರಡಿದ. ದೂರದಿಂದ ನಿಜಕ್ಕೂ ಸ್ವಿಟ್ಜರ್ಲೆಂಡ್. ನಾವು ಊಟಕ್ಕೆ ನೆರಳಿಗೆ ಹೋಗಿ ಬರುವಷ್ಟರಲ್ಲಿ ಆ ದಾರಿಯಲ್ಲಿ ಬಂದ ಒಂದು ಮೇಕೆ ಹಿಂಡು ಅರ್ಧ ಹಿಮಯುಗವನ್ನು ಮೇಯ್ದು ಮುಗಿಸಿತ್ತು. ಮೈದುನ ಕೂಗಾಡಿದ. ಮೇಕೆಯವ ಕಂಬಳಿ ಸರಿಮಾಡಿಕೊಂಡು ತಣ್ಣಗೆ ಕೇಳಿದ:

"ಅಲ್ರಿ ಮಾಸ್ತರ, ತಿನ್ನೂದನ್ನ ನೆಲಕ್ಕ ಚೆಲ್ಲಿ, ತಿಂದ್ವು ಅಂತ ಒದರ್ತೀರೆಲ್ಲ?"



ಇನ್ನು ಕಾಸ್ಟ್ಯೂಮಿನ ಕಥೆ. ಚರ್ಮದ ಬಟ್ಟೆ ಎಲ್ಲಿಂದ ತರುವುದು? ಮೈದುನ ಮಾರ್ಕೆಟ್ಟಿನಿಂದ ಮೆಣಸಿನಕಾಯಿ ತುಂಬುತ್ತಿದ್ದ ಹಳೆಯ ಗೋಣಿಚೀಲ ತಂದು, ತಲೆಗೆ, ತೋಳಿಗೆ ತೂತು ಕತ್ತರಿಸಿ ಎಲ್ಲರಿಗೂ ತೊಡಿಸಿದ. ನನಗೆ ಸೀರೆಯ ಮೇಲೆ ಒಂದು. ಹತ್ತು ನಿಮಿಷದಲ್ಲಿ ಇಡೀ ಆದಿಮಾನವ ಕುಲಕ್ಕೆ ಸೀನು ಹತ್ತಿತು. ಮೈ ಉರಿ, ಮೂಗು ಉರಿ, ಕಣ್ಣಲ್ಲಿ ಧಾರೆ.

"ತಮ್ಮಾ, ಇದನ್ನ ಝಾಡಿಸಿ ತರಬೇಕಿತ್ತು" ಎಂದೆ.

"ನಮ್ಮ ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ ರಿ, ಖಾರ ಎಲ್ಲೈತಿ?" ಎಂದು ವಾದಿಸಿದ, ಎರಡೂ ಕಣ್ಣಿಂದ ನೀರು ಸುರಿಸುತ್ತ. ಊರಿನ ಕಾಯಿಯ ಮೇಲೆ ಬ್ಯಾಡಗಿಯವರಿಗೆ ಇರುವ ಅಭಿಮಾನಕ್ಕೆ ಮೂಗು ಒಂದು ಲೆಕ್ಕವೇ?

ಹೀಗೆ ಬೇಟೆ ಆಯಿತು, ಹಿಮ ಆಯಿತು, ನನ್ನ "ಹೂಂ" ಸೀನಿನೊಡನೆ ಆಯಿತು. ಉಳಿದದ್ದು ಕೊನೆಯ ದೃಶ್ಯ. ಮೈದುನ ಕಲ್ಲಿನ ಮೇಲೆ ಕೂತು ರೊಟ್ಟಿ ಚಾಚುತ್ತಾನೆ. ಸಾಹೇಬ ಹತ್ತು ಹೆಜ್ಜೆ ದೂರದವರೆಗೆ ಬರುತ್ತಾನೆ, ಮೂಗೆತ್ತುತ್ತಾನೆ, ಒಂದು ಸಲ ಸೀನಿ, ಬೆನ್ನು ತಿರುಗಿಸಿ ಹೋಗುತ್ತಾನೆ. ಒಂದು ದಿನ, ಎರಡು ದಿನ, ಮೂರು ದಿನ.

ಮೂರನೆಯ ಸಂಜೆ ಮೈದುನ ರೊಟ್ಟಿಯನ್ನು ಕಲ್ಲಿನ ಮೇಲಿಟ್ಟ.

"ಎಂಟು ವರ್ಷದ ಸಿಟ್ಟು ರಿ ವೈನಿ ಅದರದು. ಮೂರು ದಿನದಾಗ ಇಳೀತೈತೇನು?" ಎಂದ. ಕೈಗೆ ಅಂಟಿದ ರೊಟ್ಟಿಯ ಪುಡಿ ಒರೆಸಿಕೊಳ್ಳುತ್ತ, "ಹೋಗೂ ಮುಂದ ಅಕಿ ಒಂದ ಮಾತು ಹೇಳಿದ್ಳು. ಸಾಹೇಬನ್ನ ಉಪಾಸ ಕೆಡವಬ್ಯಾಡ್ರಿ ಅಂತ. ಅದಷ್ಟೂ ನನ್ನ ಕೈಲೆ ಆಗವಲ್ದು."

ಆಗ ನನಗೆ ಅರ್ಥವಾಯಿತು, ಇವನು ತೆಗೆಯಲು ಹೊರಟದ್ದು ಪಿಕ್ಚರನ್ನಲ್ಲ ಎಂದು.

"ಮೊದಲು ಆ ಚೀಲ ಕಿತ್ತು ಒಗಿ. ಮನುಷ್ಯರಿಗೇ ತಡಿಲಾರದ್ದು, ನಾಯಿ ಮೂಗಿಗೆ ಹೆಂಗ ತಡೀತೈತಿ? ಆಮೇಲೆ ಟ್ರಂಕಿನಾಗಿನ ಅವಳ ಕೌದಿ ತಗೊಂಡು ಬಾ" ಎಂದೆ.

ಅವನ ಮುಖ ಬಿಗಿಯಿತು. ತನ್ನ ಹಳೆಯ ಸೀರೆಗಳ ತುಂಡು ಜೋಡಿಸಿ ಅವಳು ಹೊಲಿದ ಕೌದಿ ಅದು. ನಮ್ಮ ಕಡೆ ಕೌದಿಯ ಕೊನೆಯ ಮೂಲೆ ಮುಚ್ಚುವ ಮುಂಚೆ ಒಳಗೊಂದು ರೊಟ್ಟಿ ಚೂರು ಇಟ್ಟು ಹೊಲಿಯುವುದುಂಟು, ಹೊದೆಯುವ ಕೌದಿ ಹಸಿದಿರಬಾರದಂತೆ. ಅವಳೂ ಇಟ್ಟಿದ್ದಳು. ಅವಳು ಹೋದ ಮರುದಿನವೇ ಅವನು ಅದನ್ನು ಟ್ರಂಕಿಗೆ ಹಾಕಿ ಕೀಲಿ ಜೇಬಿಗೆ ಸೇರಿಸಿದ್ದ.

"ಅದನ್ನ ಮುಟ್ಟಬ್ಯಾಡ್ರಿ" ಎಂದ.

ಆ ಕ್ಷಣ ನಮ್ಮ ಕಾನ್ವೆಂಟಿನ ಮದರ್ ಸುಪೀರಿಯರ್ ನನ್ನ ಮೈಮೇಲೆ ಬಂದರು. "ನೀನು ಸಂಜಿ ವಾಕಿಂಗ್ ಹೋದಕೂಡಲೆ ಸಾಹೇಬ ದಿನಾ ಮಲಗತಿದ್ದದ್ದು ಅದರ ಮ್ಯಾಲೆ. ನನಗೂ ಅವಳಿಗೂ ಅಷ್ಟೇ ಗೊತ್ತಿದ್ದ ಸೀಕ್ರೆಟ್. ಈಗ ನಿನಗೂ ಗೊತ್ತಾತು. ಹೋಗು."

ಮೈದುನ ಜೇಬಿನಿಂದ ಟ್ರಂಕಿನ ಕೀಲಿ ತೆಗೆದ. ಮರುದಿನ ಸ್ನಾನ ಮಾಡಿ, ಕೌದಿ ಹೊದ್ದು ಕಲ್ಲಿನ ಮೇಲೆ ಕೂತ. ಇಳಕಲ್ ಸೆರಗು, ಹಸಿರು ಚೌಕಡಿ, ಒಂದು ಹೂವಿನ ವಾಯಲ್. ಆದಿಮಾನವನ ಮೈಮೇಲೆ ನನ್ನ ಓರಗಿತ್ತಿಯ ಇಡೀ ಸಂಸಾರ.

ಸಾಹೇಬ ಬಂದ. ಹತ್ತು ಹೆಜ್ಜೆ, ಐದು, ಎರಡು. ಕೌದಿಯ ಅಂಚು ಮೂಸಿದ. ಮೂಸುತ್ತ ಸುತ್ತಿದ. ರೊಟ್ಟಿ ಚೂರಿದ್ದ ಆ ಮೂಲೆ ಸಿಕ್ಕಿದ್ದೇ ಮುಖವಿಟ್ಟು, ಹಲ್ಲಿನಿಂದ ಎಳೆದು ಹೊಲಿಗೆ ಬಿಚ್ಚಿದ. ಆಮೇಲೆ ತಲೆಯೆತ್ತಿ, ಚಾಚಿಕೊಂಡೇ ಇದ್ದ ಕೈಯಿಂದ ರೊಟ್ಟಿ ತೆಗೆದುಕೊಂಡು ತಿಂದ. ಇನ್ನೊಂದು ತಿಂದ. ಮೂರನೆಯದೂ ಮುಗಿಸಿ ಕೌದಿಯ ಮೇಲೆ ಮಲಗಿಬಿಟ್ಟ. ಕಟ್ ಎನ್ನಬೇಕಾದ ಡೈರೆಕ್ಟರು ಅನ್ನಲೇ ಇಲ್ಲ. ರಾಣೆಬೆನ್ನೂರಿನವನೂ ಮೊದಲ ಸಲ ಸ್ಮೈಲ್ ಕೇಳಲಿಲ್ಲ. ಹೀಗಾಗಿ ಅರ್ಧ ಗಂಟೆಯ ನಮ್ಮ ಪಿಕ್ಚರ್‌ನಲ್ಲಿ ಕೊನೆಯ ದೃಶ್ಯವೇ ಹನ್ನೊಂದು ನಿಮಿಷ.

ಹಾವೇರಿಯ ಒಂದು ಸಣ್ಣ ಹಾಲ್‌ನಲ್ಲಿ ಭಾನುವಾರ ಸಂಜೆ ಪ್ರೀಮಿಯರ್. ಹಮಾಲರು ಮನೆಮಂದಿಯೊಡನೆ ಬಂದರು, ಮೇಕೆಯವನೂ ಬಂದ. ಬೇಟೆಗಾರರ ಕಣ್ಣೀರಿಗೆ ಹೆಂಗಸರು ಸೆರಗು ಒದ್ದೆ ಮಾಡಿಕೊಂಡರು. ನನ್ನ "ಹೂಂ"ಗೆ ಸೀಟಿ ಬಿತ್ತು. ಕೊನೆಯ ದೃಶ್ಯಕ್ಕೆ ವಿಡಿಯೋದವನು ಮದುವೆ ವಿಡಿಯೋದ ಗುಲಾಬಿ ಪಕಳೆಗಳನ್ನೇ ತೆರೆಯ ತುಂಬ ಉದುರಿಸಿದ್ದ. ಯಾರೂ ನಗಲಿಲ್ಲ. ಹನ್ನೊಂದು ನಿಮಿಷ ಇಡೀ ಹಾಲ್ ಉಸಿರು ಹಿಡಿದು ಕೂತಿತು, ಆಮೇಲೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಹಿಂದಿನಿಂದ ಮೇಕೆಯವ ಮಾತ್ರ ಬಿಡಲಿಲ್ಲ.

"ಮಾಸ್ತರ, ಕಲ್ಲಿನ ಕಾಲದಾಗ ಇಳಕಲ್ ಸೀರಿ ಎಲ್ಲಿಂದ ಬಂತ್ರಿ?"

ಮೈದುನ ಎದೆಯುಬ್ಬಿಸಿ ತಿರುಗಿದ. "ಆ ಮನಶ್ಯಾಗೂ ಒಬ್ಬಾಕಿ ಹೇಣ್ತಿ ಇದ್ದಿರಬೇಕಲ್ಲೋ."

ಮರುದಿನ ಬೆಳಿಗ್ಗೆ ಕೌದಿ ಹೆಗಲಿಗೆ ಹಾಕಿಕೊಂಡು ನಮ್ಮ ಬಾಗಿಲಲ್ಲಿ ನಿಂತಿದ್ದ, ಕಾಲ ಬಳಿ ಸಾಹೇಬ. ಬಿಚ್ಚಿದ ಮೂಲೆ ತೋರಿಸಿ ಹೊಲಿದುಕೊಡಿ ಎಂದ. ನಾನು ಕನ್ನಡಕ ಹಾಕಿಕೊಂಡು ಸೂಜಿಗೆ ದಾರ ಪೋಣಿಸಿ, ಬುಟ್ಟಿಯಿಂದ ರೊಟ್ಟಿಯ ಒಂದು ಚೂರು ಮುರಿದೆ. ಅವನು ನನ್ನ ಕೈ ನೋಡಿದ, ಸಾಹೇಬನನ್ನು ನೋಡಿದ.

"ಸ್ವಲ್ಪ ದೊಡ್ಡದು ಇಡ್ರಿ ವೈನಿ" ಎಂದ. "ಅದು ಮತ್ತ ಅಕಿನ್ನ ಹುಡುಕತೈತಿ."