ಮಾವನ ಮೂಕ ಕಂಪ್ಯೂಟರು

ನಮ್ಮ ಮಾವನಷ್ಟು ಸುಲಭವಾಗಿ ಮೋಸಹೋಗುವ ಮನುಷ್ಯ ಇಡೀ ಬಳ್ಳಾರಿಯಲ್ಲಿ ಇನ್ನೊಬ್ಬನಿಲ್ಲ ಎಂದು ನಾನು ಬಹಳ ಕಾಲ ವಾದಿಸುತ್ತಿದ್ದೆ. ಸಾಕ್ಷಿ ಬೇಕೆ? ಕೌಲ್ ಬಜಾರಿನ ಅವನ ಅಂಗಡಿಯ ಮೇಜಿನ ಮೇಲೇ ಕೂತಿತ್ತು!

ಅದೊಂದು ಕಂಪ್ಯೂಟರು. ಗಾಜಿನಂಥ ಪ್ಲಾಸ್ಟಿಕ್ಕಿನೊಳಗೆ ತೇಲುತ್ತಿರುವಂತೆ ಕಾಣುವ ಬೆಳ್ಳಿ ಬಣ್ಣದ ಪುಟ್ಟ ಡಬ್ಬಿ. ಕಂಪನಿ ಅದನ್ನು ಭಾರಿ ಬಡಿವಾರದಿಂದ ಜಗತ್ತಿನ ಮುಂದಿಟ್ಟಿತಂತೆ. ಜನ ಬಂದರಂತೆ, ಬಾಯಿಬಿಟ್ಟು ನೋಡಿದರಂತೆ, ಕೊಳ್ಳದೆ ಹೋದರಂತೆ. ವರ್ಷ ಕಳೆಯುವಷ್ಟರಲ್ಲಿ ತಯಾರಿಕೆಯೇ ನಿಂತಿತು. ಹಾಗೆ ನಿಂತುಹೋದ ಮಾಲನ್ನು, ನಿಂತ ಮೇಲೆ, ಹುಡುಕಿಕೊಂಡು ಹೋಗಿ ತಂದವನು ನನ್ನ ಸೋದರಮಾವ!

ಅವನದು ಲಗ್ನಪತ್ರಿಕೆ ಮಾಡಿಕೊಡುವ ಅಂಗಡಿ. ಅಂಗಡಿಯ ಹಿಂದೊಂದು ಪರದೆ. ಪರದೆಯಾಚೆ ಅವನ ಮನೆ, ಎಂದರೆ ಒಂದು ಮಂಚ, ಒಂದು ಒಲೆ. ಮಂಚದ ಮೇಲೆ ಉಬ್ಬಸದ ಅಜ್ಜಿ, ಅವನ ತಾಯಿ. ದವಾಖಾನೆ ಹತ್ತಿರವಿರಲೆಂದು ರಾರಾವಿಯಿಂದ ಕರೆತಂದಿದ್ದ. ಗಣಿ ಲಾರಿಗಳ ಕೆಂಪು ಧೂಳಿಗೆ ದವಾಖಾನೆಯೂ ಕೆಂಪಾಗಿತ್ತು, ಆ ಮಾತು ಬೇರೆ.

ನಾನು ಕುರುಗೋಡಿನಿಂದ ಬಸ್ಸಿನಲ್ಲಿ ಕಾಲೇಜಿಗೆ ಬಂದುಹೋಗುತ್ತಿದ್ದ ಚರ್ಚಾಸ್ಪರ್ಧೆಯ ಹುಲಿ. ಮಾವನನ್ನು ಬಿಟ್ಟೇನೆ?

"ಮಾವಾ, ಅಷ್ಟು ಚಲೋ ಇದ್ರ ಯಾಕ ಮಾರಾಟ ಆಗ್ಲಿಲ್ಲ?"

"ಚಂದ ಭಾಳ ಆತಲೇ ಅಳಿಯಾ. ಷೋಕೇಸಿನ್ಯಾಗ ಇಡೋ ಸಾಮಾನು ಅನ್ಕೊಂಡ್ರು."

ಮರುವಾರ ಕೇಳಿದರೆ, "ಕಿಮ್ಮತ್ತು ಜಾಸ್ತಿ ಇತ್ತು. ಅದಾ ಕಂಪನಿಯ ದೊಡ್ಡ ಡಬ್ಬಿ ಇದಕ್ಕಿಂತ ಸೋವಿ ಸಿಗ್ತಿತ್ತು."

ಇನ್ನೊಮ್ಮೆ, "ಡಬ್ಬಿ ಮೈಮ್ಯಾಲೆ ಸೀಳಿನಂಥ ಗೆರಿ ಕಾಣಸ್ತಾವು ಅಂತ ಗುಲ್ಲೆಬ್ಬಿಸಿದ್ರು."

"ಗೆರಿ ಇದ್ದದ್ದು ಖರೇನೋ ಸುಳ್ಳೋ?"

"ಗೆರಿ ಇಲ್ಲದ ಮೈ ಯಾರ್ದೈತಲೇ?"

ಒಬ್ಬನೇ ಆರೋಪಿ, ದಿನಕ್ಕೊಂದು ಹೇಳಿಕೆ! ನನ್ನ ಅನುಮಾನ ಬಲಿಯದೆ ಏನಾದೀತು?

ಅದನ್ನು ಚಾಲೂ ಮಾಡಲು ಗುಂಡಿ ಒತ್ತಬೇಕಿರಲಿಲ್ಲ, ಬೆರಳು ಸೋಕಿದರೆ ಸಾಕು. ಆಯುಧಪೂಜೆಯ ದಿನ ಮಾವ ಅದರ ನೆತ್ತಿಗೆ ಕುಂಕುಮ ಹಚ್ಚಲು ಹೋದದ್ದೇ ತಡ, ಬಿಳಿ ದೀಪ ಫಕ್ಕನೆ ಹೊತ್ತಿತು. "ದೇವ್ರು ಕಣ್ಣು ಬಿಟ್ಟ!" ಎಂದು ಅಜ್ಜಿ ಮಂಚದಲ್ಲೇ ಕೈಮುಗಿದಳು.

"ಅಜ್ಜೀ, ಯಾರು ಮುಟ್ಟಿದ್ರೂ ಹತ್ತತೈತಿ."

"ನೀ ಗುಡಿಯಾಗ ದೇವ್ರ ಪಾದ ಅಷ್ಟು ಸಲ ಮುಟ್ಟೀಯಲ್ಲಾ, ಒಮ್ಮಿನಾದ್ರೂ ಕಣ್ಣು ಬಿಟ್ಟಾನೇನಲೇ?"

ಚರ್ಚಾಸ್ಪರ್ಧೆಯಲ್ಲಿ ಇಂಥ ಎದುರಾಳಿಗಳು ಬರುವುದಿಲ್ಲ, ನಮ್ಮ ಪುಣ್ಯ.

ಆ ಕಂಪ್ಯೂಟರಿನೊಳಗೆ ಫ್ಯಾನೇ ಇರಲಿಲ್ಲ. ಬಿಸಿಗಾಳಿ ತಾನಾಗಿ ನೆತ್ತಿಯಿಂದ ಮೇಲೇಳುತ್ತಿತ್ತು. ಮಾವ ಮಾತಿನ ನಡುವೆ ಥಟ್ಟನೆ ಕೈ ಎತ್ತಿ "ಶ್... ಕೇಳು" ಎನ್ನುತ್ತಿದ್ದ.

"ಏನೂ ಕೇಳಸವಲ್ದು."

"ಅದಕ್ಕ ಅಲ್ಲೇನಲೇ ಇದನ್ನ ತಂದಿದ್ದು!"

ಸದ್ದೇ ಮಾಡದ ಯಂತ್ರಕ್ಕೆ ಕಿವಿಗೊಟ್ಟು ಕೂರುವವನನ್ನು ಏನೆನ್ನಬೇಕು?

ಗಿರಾಕಿಗಳಿಗೂ ಗುಮಾನಿಯೇ. ಟಿಪ್ಪರು, ಜೆಸಿಬಿ, ಜನರೇಟರು ಎಲ್ಲವೂ ಗುಡುಗುತ್ತಿದ್ದ ಊರಿನಲ್ಲಿ ಸದ್ದಿಲ್ಲವೆಂದರೆ ಕೆಲಸವಿಲ್ಲವೆಂದೇ ಅರ್ಥ. "ಕರೆಂಟ್ ಹೋಗೈತೇನ್ರಿ?" ಎಂದು ಬಾಗಿಲಿನಿಂದಲೇ ತಿರುಗುತ್ತಿದ್ದರು. ಕೊನೆಗೆ ಮಾವ ಪಕ್ಕದಲ್ಲೊಂದು ದೊಡ್ಡ ಹಳೆಯ ಕಂಪ್ಯೂಟರ್ ಡಬ್ಬಿ ತಂದಿಟ್ಟ. ಗಿರಾಕಿ ಬಂದೊಡನೆ ಅದು ಗೊರ್ ಎನ್ನುತ್ತಿತ್ತು. ನಾನು ಸ್ಕ್ರೂಡ್ರೈವರ್ ಹಿಡಿದು ಬಿಚ್ಚಿ ನೋಡಿದೆ. ಒಳಗೆ ಒಂದು ಫ್ಯಾನು, ಮಿಕ್ಕಿದ್ದೆಲ್ಲ ಖಾಲಿ!

"ಇದು ಮೋಸ ಅಲ್ಲೇನು ಮಾವಾ?"

"ಅವ್ರಿಗೆ ಸದ್ದು ಬೇಕು, ಕೊಡ್ತೀನಿ. ಕೆಲಸ ಈ ಸಣ್ಣದ್ರಾಗ ಮಾಡ್ತೀನಿ."

ವಿಚಿತ್ರವೆಂದರೆ, ಗಿರಾಕಿ ಮೆಟ್ಟಿಲಿಳಿಯುವ ಮೊದಲೇ ಫ್ಯಾನು ಬಂದ್. ಕರೆಂಟಿನ ಜಿಪುಣತನವೆಂದು ನಾನು ತೀರ್ಪು ಕೊಟ್ಟೆ.

ಆಮೇಲೆ ಸಿರುಗುಪ್ಪದ ಲಾರಿ ಸಾವುಕಾರರು ಮಗಳ ಲಗ್ನಪತ್ರಿಕೆಗೆಂದು ಬಂದರು. ಫ್ಲೆಕ್ಸ್ ಅಂಗಡಿಗಳ ಮುಂದೆ ಮಾವನ ವ್ಯಾಪಾರ ಸೊರಗಿತ್ತು. "ಇದು ಸಿಕ್ರ ಅಂಗಡಿ ಉಳೀತೈತಿ, ಇಲ್ಲಂದ್ರ ಕೀಲಿ" ಎಂದು ಅವನೇ ಹೇಳಿದ್ದ. ಸಾವುಕಾರರು ದೊಡ್ಡ ಡಬ್ಬಿಯ ಬೆನ್ನು ತಟ್ಟಿದರು. "ಮಷೀನ್ ಅಂದ್ರ ಹಿಂಗಿರ್ಬೇಕು ನೋಡ್ರಿ, ಏನು ಗುಡುಗತೈತಿ!"

ಮಾವ ನಗಲಿಲ್ಲ. ಕತ್ತು ಪರದೆಯತ್ತ ವಾಲಿತು. ಬಗ್ಗಿ ದೊಡ್ಡ ಡಬ್ಬಿಯ ಪ್ಲಗ್ಗನ್ನೇ ಕಿತ್ತ.

ಅಂಗಡಿ ತಣ್ಣಗಾಯಿತು. ಪರದೆಯಾಚೆಯಿಂದ ಒಂದು ಸಣ್ಣ ಸಿಳ್ಳು, ಒಳಕ್ಕೆ ಹೋಗಲಾರದೆ ಸಿಕ್ಕಿಕೊಂಡ ಉಸಿರಿನದು. ಮಾವ ಓಡಿದ, ಹಿಂದೆ ನಾನು. ಅಜ್ಜಿ ಮಂಚದ ಪಟ್ಟಿ ಹಿಡಿದು ಕೂತಿದ್ದಳು. ತುಟಿ ಕಪ್ಪಿಟ್ಟಿತ್ತು. "ಎಳಕೋಬೇ ಅವ್ವಾ... ನಿಧಾನಕ..." ಮಾವ ಉಬ್ಬಸದ ಪಂಪನ್ನು ಅವಳ ಬಾಯಿಗೆ ಹಿಡಿದ.

ಹೊರಗೆ, ದೊಡ್ಡ ಡಬ್ಬಿ ಸತ್ತುಬಿದ್ದಿದ್ದರೂ ಮಾನಿಟರಿನಲ್ಲಿ ಮಗಳ ಪತ್ರಿಕೆ ಬೆಳಗುತ್ತಲೇ ಇದ್ದದ್ದನ್ನು ಸಾವುಕಾರರು ಕಂಡರು. "ಖಾಲಿ ಡಬ್ಬಾ ಇಟ್ಟು ನಮಗಾ ಟೋಪಿ ಹಾಕ್ತೀರೇನ್ರಿ!" ಎಂದು ಎದ್ದುಹೋದರು.

ಬಹಳ ಹೊತ್ತಿನ ಮೇಲೆ ಮಾವ ಬಂದು ಕೂತ. "ಹಿಂದಿನ ಕಂಪ್ಯೂಟರಿನ ಗದ್ಲದಾಗ ಒಮ್ಮಿ ಅವ್ವನ ಉಸಿರು ಕೇಳಿಸಿದ್ದಿಲ್ಲಲೇ. ಬಾಜು ಮನಿಯಾಕಿ ಬಂದು ಒದರಿದ್ಮ್ಯಾಲೆ ಗೊತ್ತಾತು."

"ಆದ್ರೂ ಮಾವಾ, ಸಾವುಕಾರರ ಕೆಲಸ..." ನಾನು ವಾದ ಶುರುಮಾಡಿದೆ.

ಮಾವ ಕೈ ಎತ್ತಿದ. "ಶ್... ಕೇಳು."

ಕೇಳಿಸಿತು. ಪರದೆಯಾಚೆ ಅಜ್ಜಿಯ ಉಸಿರು ಸಣ್ಣಗೆ ಹೋಗಿ, ಸಣ್ಣಗೆ ಬರುತ್ತಿತ್ತು.

ನಾನು ವಾದ ಬಿಟ್ಟು ಸ್ಕ್ರೂಡ್ರೈವರ್ ಹುಡುಕಿದೆ. ಆ ದೊಡ್ಡ ಡಬ್ಬಿಯ ಫ್ಯಾನು ಬಿಚ್ಚಿ ಎಸೆಯಬೇಕಿತ್ತು.